ದಿನಕ್ಕೆ ಹತ್ತು ನಿಮಿಷ ಕನ್ನಡಕ್ಕೆ



ಕೊತ್ತಪಲ್ಲಿಯಂಥ ಗಡಿ ಊರುಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಓದು ತೆಲುಗು. ಹೀಗಾಗಿ ಪೂಜೆಯಲ್ಲಿ ಕನ್ನಡ ವಾಚನ ಓದಲು ಕರೆದರೆ ಹಿಂಜರಿಯುತ್ತೇವೆ. ಕಲಿಯಲು ಸಮಯವಿಲ್ಲ ಎನ್ನುತ್ತೇವೆ.

ದಿನಕ್ಕೆ 10 ನಿಮಿಷವೆಂದರೆ ವರ್ಷಕ್ಕೆ 60 ಗಂಟೆ. ತೆಲುಗು ಬಲ್ಲವರಿಗೆ ಅಷ್ಟೂ ಬೇಡ. ಎರಡೂ ಲಿಪಿಗಳ ಮೂಲ ಒಂದೇ.

1. ಮೊದಲು ಕ, ತ, ಶ ಮುಂತಾದ, ಬೇರೆಯಾಗಿ ಕಾಣುವ ಅಕ್ಷರಗಳನ್ನಷ್ಟೇ ಬರೆದು ಕಲಿಯಿರಿ.
2. ಆಮೇಲೆ ಮಾರ್ಕನ ಶುಭಸಂದೇಶ. 16 ಅಧ್ಯಾಯಗಳ ಇದೇ ಎಲ್ಲಕ್ಕಿಂತ ಚಿಕ್ಕದು. ದಿನಕ್ಕೆ 10 ವಚನ ಗಟ್ಟಿಯಾಗಿ ಓದಿದರೆ ಸುಮಾರು 70 ದಿನಗಳಲ್ಲಿ ಮುಗಿಯುತ್ತದೆ.
3. ಹೊತ್ತು ಗೊತ್ತುಮಾಡಿ: ಬಸ್ಸು ಕಾಯುವಾಗ, ಅನ್ನ ಬೇಯುವಾಗ.
4. ಒಂದು ದಿನ ತಪ್ಪಿದರೆ ಮರುದಿನ 20 ನಿಮಿಷ ಬೇಡ, 10 ಸಾಕು.

ಅಜ್ಜಿ ಬಾಯಿಪಾಠ ಮಾಡಿಸಿದ ಜಪಗಳನ್ನು ನಾಳೆ ಮಕ್ಕಳಿಗೆ ಓದಿಹೇಳುವವರು ನಾವೇ. ಇಂದೇ ಆರಂಭಿಸೋಣ.