ಗಣಕಯಂತ್ರದ ಮೌನವೂ ಅದರ ಪರಿಹಾರವೂ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮನ್ನು ನವೀಕರಿಸಿದ ಮರುದಿನ ಶಬ್ದ ನಿಂತುಹೋಗುವುದು ಅನೇಕರ ಅನುಭವಕ್ಕೆ ಬಂದಿರುವ ಸಂಗತಿ. ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ, ಚಿತ್ರಗಳು ಚಲಿಸುತ್ತವೆ. ಧ್ವನಿವರ್ಧಕದಿಂದ ಮಾತ್ರ ಸೊಲ್ಲಿಲ್ಲ. ‘ಸ್ಪೀಕರ್ ಕೆಟ್ಟಿತು’ ಎಂದು ನಿರ್ಧರಿಸಿ ಯಂತ್ರವನ್ನು ಅಂಗಡಿಗೆ ಹೊತ್ತೊಯ್ಯುವವರುಂಟು. ‘ಇನ್ನು ಅಪ್‌ಡೇಟಿನ ಸಹವಾಸವೇ ಬೇಡ’ ಎಂದು ಶಪಥ ಮಾಡುವವರೂ ಉಂಟು. ಈ ಎರಡು ತೀರ್ಮಾನಗಳೂ ಸರಿಯಲ್ಲವೆಂದು ನನ್ನ ಭಾವನೆ. ಈ ಮೌನಕ್ಕೆ ಕಾರಣವೇನು, ಅದನ್ನು ಕ್ರಮವಾಗಿ ಶೋಧಿಸುವುದು ಹೇಗೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬ ಮೂರು ಪ್ರಶ್ನೆಗಳನ್ನು ಕಲಾವಿಭಾಗದ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಶಬ್ದವಿಲ್ಲದಿದ್ದರೆ ನಷ್ಟವೇನು, ಓದುವುದಕ್ಕೆ ಕಣ್ಣು ಸಾಲದೆ ಎಂದು ಯಾರಾದರೂ ಕೇಳಬಹುದು. ಕಣ್ಣಿಲ್ಲದವರ ವಿಷಯದಲ್ಲಿ ಈ ಪ್ರಶ್ನೆ ನಿಲ್ಲುವುದಿಲ್ಲ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ. ವಿಂಡೋಸ್ ಯಂತ್ರಗಳಿಗೆ ಎನ್‌ವಿಡಿಎ ಎಂಬುದಿದೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಅವರು, ಸ್ವತಃ ದೃಷ್ಟಿಹೀನರಾದವರು, ಅದನ್ನು 2006ರಲ್ಲಿ ಆರಂಭಿಸಿದರು. ಲಿನಕ್ಸ್ ಯಂತ್ರಗಳಿಗೆ ಓರ್ಕಾ ಎಂಬುದಿದೆ. ಎರಡಕ್ಕೂ ಮಾತು ಕೊಡಬಲ್ಲ ಇಸ್ಪೀಕ್ ಎನ್‌ಜಿ ಎಂಬ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಇವುಗಳನ್ನು ನಂಬಿದ ವಿದ್ಯಾರ್ಥಿಗೆ ಶಬ್ದವೇ ದೃಷ್ಟಿ.

ಡ್ರೈವರ್ ಎಂದರೇನು?

ಕಂಪ್ಯೂಟರಿಗೆ ಸ್ವರವೂ ಇಲ್ಲ, ರಾಗವೂ ಇಲ್ಲ; ಇರುವುದು ಅಂಕಿಗಳು. ಸಿ.ಡಿ. ತಟ್ಟೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಬರೆದಿಟ್ಟಿರುತ್ತಾರೆ. ಎಡಬಲ ಎರಡು ಕಿವಿಗಳಿಗೂ ಸೇರಿ ಸೆಕೆಂಡಿಗೆ 1,76,400 ಬೈಟುಗಳಾಗುತ್ತವೆ. ಈ ಅಂಕಿಗಳ ಪ್ರವಾಹವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುವ ಸಣ್ಣದೊಂದು ಚಿಪ್ ಯಂತ್ರದೊಳಗಿದೆ. ಅದಕ್ಕೆ ಕೋಡೆಕ್ ಎಂದು ಹೆಸರು. ಅಂಕಿಗಳು ಅದಕ್ಕೆ ತಪ್ಪದೆ, ತಡೆಯದೆ, ಸರಿಯಾದ ವೇಗದಲ್ಲಿ ತಲುಪುವಂತೆ ನೋಡಿಕೊಳ್ಳುವ ತಂತ್ರಾಂಶವೇ ಡ್ರೈವರ್.

ಹಿಂದಿನ ಕಾಲದ ಹಳ್ಳಿಯ ಶಾನುಭೋಗರನ್ನು ನೆನೆದರೆ ಡ್ರೈವರಿನ ಕೆಲಸ ಸುಲಭವಾಗಿ ತಿಳಿಯುತ್ತದೆ. ಯಾವ ಹೊಲಕ್ಕೆ ಯಾವ ತೂಬಿನ ನೀರು, ಯಾವ ಸರ್ವೆ ನಂಬರಿನಲ್ಲಿ ಯಾರ ಸಾಗುವಳಿ ಎಂಬುದು ಶಾನುಭೋಗರಿಗೆ ಗೊತ್ತು, ಹುಜೂರಿಗೆ ಗೊತ್ತಿಲ್ಲ. ಹುಜೂರು ಕೇಳುವ ಲೆಕ್ಕದ ನಮೂನೆ ಯಾವುದೆಂಬುದು ಶಾನುಭೋಗರಿಗೆ ಗೊತ್ತು, ರೈತನಿಗೆ ಗೊತ್ತಿಲ್ಲ. ಆಪರೇಟಿಂಗ್ ಸಿಸ್ಟಮಿನ ಹೃದಯಭಾಗವಾದ ಕರ್ನೆಲ್ ಹುಜೂರಿನಂತೆ, ಶಬ್ದದ ಚಿಪ್ ಹೊಲದಂತೆ, ಡ್ರೈವರ್ ಶಾನುಭೋಗರಂತೆ. ಒಂದು ದಿನ ಹುಜೂರು ಲೆಕ್ಕದ ನಮೂನೆಯನ್ನೇ ಬದಲಾಯಿಸಿತೆನ್ನೋಣ. ಹಳೆಯ ನಮೂನೆಯಲ್ಲಿ ಬರೆದ ಖಿರ್ದಿ ತಿರಸ್ಕೃತವಾಗುತ್ತದೆ. ಹೊಲ ಬೆಳೆಯುವುದನ್ನೇನೂ ನಿಲ್ಲಿಸಿಲ್ಲ. ಕಾಗದದಲ್ಲಿ ಮಾತ್ರ ಅದು ಇಲ್ಲ. ನವೀಕರಣದ ನಂತರದ ಮೌನ ಬಹುಮಟ್ಟಿಗೆ ಈ ಜಾತಿಯದು.

ಹೊಲದ ವಿವರ ಬಲ್ಲವರು ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನವುಂಟು. ಇಂಟೆಲ್ ಸಂಸ್ಥೆ 2004ರಲ್ಲಿ ‘ಹೈ ಡೆಫಿನಿಷನ್ ಆಡಿಯೋ’ ಎಂಬ ಕ್ರಮವನ್ನು ಪ್ರಕಟಿಸಿತು. ಚಿಪ್‌ಗಳು ಆಡುವ ಭಾಷೆ ಇದರಿಂದ ಒಂದೇ ಆಯಿತು. ಆದರೆ ಚಿಪ್‌ನ ಯಾವ ಕಾಲಿಗೆ ಸ್ಪೀಕರನ್ನು, ಯಾವ ಕಾಲಿಗೆ ಹೆಡ್‌ಫೋನನ್ನು ಜೋಡಿಸಬೇಕೆಂಬುದು ಆಯಾ ಲ್ಯಾಪ್‌ಟಾಪ್ ತಯಾರಕರ ಇಚ್ಛೆಗೆ ಉಳಿಯಿತು. ಆದುದರಿಂದ ಲಿನಕ್ಸಿನ ಡ್ರೈವರಿನಲ್ಲಿ ‘ಇಂಥ ಮಾದರಿಯ ಯಂತ್ರವಾದರೆ ಇಂಥ ತಿದ್ದುಪಡಿ’ ಎಂಬ ಉದ್ದನೆಯ ಪಟ್ಟಿಯೇ ಇದೆ. ಹೆಡ್‌ಫೋನಿನಲ್ಲಿ ಶಬ್ದ ಬರುತ್ತದೆ, ಸ್ಪೀಕರಿನಲ್ಲಿ ಬರುವುದಿಲ್ಲ ಎಂಬ ದೂರು ಎಷ್ಟೋ ಸಲ ಈ ಪಟ್ಟಿಯ ಕೊರತೆಯಿಂದ ಹುಟ್ಟುತ್ತದೆ.

ಕರಾರು ಮುರಿದ ಎರಡು ಸಂದರ್ಭಗಳು

ಮೊದಲನೆಯದು ವಿಂಡೋಸ್ ವಿಸ್ಟಾ. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು 2007ರ ಜನವರಿ 30ರಂದು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಅದಕ್ಕೆ ಮೊದಲು ಶಬ್ದದ ಕೆಲಸದ ಬಹುಭಾಗ ಕರ್ನೆಲಿನೊಳಗೇ ನಡೆಯುತ್ತಿತ್ತು. ಅಲ್ಲಿ ಒಂದು ಡ್ರೈವರ್ ಎಡವಿದರೆ ಇಡೀ ಯಂತ್ರವೇ ನಿಂತುಬಿಡುತ್ತಿತ್ತು. ವಿಸ್ಟಾದಲ್ಲಿ ಈ ಕೆಲಸದ ಬಹುಭಾಗವನ್ನು ಕರ್ನೆಲಿನಿಂದ ಹೊರತಂದರು. ಉದ್ದೇಶ ಒಳ್ಳೆಯದೇ. ಆದರೆ ಡೈರೆಕ್ಟ್‌ಸೌಂಡ್ ಎಂಬ ಹಳೆಯ ಮಾರ್ಗದ ಮೂಲಕ ಶಬ್ದದ ಕಾರ್ಡುಗಳು ನೇರವಾಗಿ ಮಾಡುತ್ತಿದ್ದ ವಿಶೇಷ ಕೆಲಸಗಳಿಗೆ ಇದರಿಂದ ದಾರಿ ಮುಚ್ಚಿತು. ದುಡ್ಡು ಕೊಟ್ಟು ಕೊಂಡ ಕಾರ್ಡು ಸುಸ್ಥಿತಿಯಲ್ಲಿದ್ದರೂ ಅದರ ಅರ್ಧ ವಿದ್ಯೆ ಉಪಯೋಗಕ್ಕೆ ಬಾರದಂತಾಯಿತು. ಕ್ರಿಯೇಟಿವ್ ಸಂಸ್ಥೆ ಹಳೆಯ ಆಟಗಳ ಶಬ್ದವನ್ನು ಬೇರೊಂದು ಮಾರ್ಗಕ್ಕೆ ತಿರುಗಿಸುವ ಆಲ್ಕೆಮಿ ಎಂಬ ತಂತ್ರಾಂಶವನ್ನು ಬರೆಯಬೇಕಾಯಿತು. ಇದಲ್ಲದೆ ವಿಸ್ಟಾದ 64 ಬಿಟ್ ಆವೃತ್ತಿ, ಡಿಜಿಟಲ್ ಸಹಿಯಿಲ್ಲದ ಡ್ರೈವರುಗಳನ್ನು ಕರ್ನೆಲಿನೊಳಗೆ ಬಿಟ್ಟುಕೊಳ್ಳಲಿಲ್ಲ. ತಯಾರಕರು ಹೊಸ ಡ್ರೈವರ್ ಬರೆಯದೆ ಕೈಬಿಟ್ಟ ಹಳೆಯ ಉಪಕರಣಗಳು ಅಲ್ಲಿಗೆ ಮೂಕವಾದವು.

ಎರಡನೆಯದು ಲಿನಕ್ಸ್. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದರು. ಮರುವರ್ಷವೇ ಹನ್ನು ಸವೊಲೈನೆನ್ ಅದಕ್ಕೆ ಶಬ್ದದ ಡ್ರೈವರ್ ಬರೆದರು. ಇದೇ ಮುಂದೆ ಓಎಸ್‌ಎಸ್ ಎಂದು ಹೆಸರಾಯಿತು. ಅನಂತರ ಜೆಕ್ ದೇಶದ ಯಾರೊಸ್ಲಾವ್ ಕೈಸೆಲಾ ನೇತೃತ್ವದಲ್ಲಿ ಆಲ್ಸಾ ಎಂಬ ಹೊಸ ವ್ಯವಸ್ಥೆ ಬೆಳೆದು, 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಕರ್ನೆಲಿನಲ್ಲಿ ನೆಲೆಗೊಂಡಿತು. ಹಳೆಯದಕ್ಕಾಗಿ ಬರೆದ ತಂತ್ರಾಂಶಗಳು ಅನಾಥವಾಗದಂತೆ ಆಲ್ಸಾ ಹಳೆಯ ಭಾಷೆಯನ್ನೂ ಅನುಕರಿಸಬಲ್ಲದಾಗಿತ್ತು. ಹಲವು ತಂತ್ರಾಂಶಗಳ ಶಬ್ದವನ್ನು ಬೆರೆಸಿ ಕಳುಹಿಸುವ ಕೆಲಸಕ್ಕೆ ಪಲ್ಸ್‌ಆಡಿಯೋ ಬಂದಿತು. ಅದರ ಸ್ಥಾನಕ್ಕೆ ವಿಮ್ ಟೈಮನ್ಸ್ ರಚಿಸಿದ ಪೈಪ್‌ವೈರ್ 2021ರ ಏಪ್ರಿಲಿನಲ್ಲಿ ಫೆಡೋರಾ 34ರಲ್ಲಿ ಬಂದಿತು. ಪೈಪ್‌ವೈರ್ ಪಲ್ಸ್‌ಆಡಿಯೋದ ಭಾಷೆಯನ್ನೇ ಆಡುವುದರಿಂದ ಹಳೆಯ ತಂತ್ರಾಂಶಗಳಿಗೆ ಯಜಮಾನ ಬದಲಾದುದೇ ತಿಳಿಯುವುದಿಲ್ಲ. ನಮೂನೆ ಬದಲಾಯಿಸುವ ಹುಜೂರು ಹಳೆಯ ಖಿರ್ದಿಯನ್ನೂ ಓದಬಲ್ಲ ಗುಮಾಸ್ತನೊಬ್ಬನನ್ನು ಉಳಿಸಿಕೊಂಡರೆ ಹೇಗೋ ಹಾಗೆ.

ಲಿನಕ್ಸಿನಲ್ಲಿಯೂ ತೊಡಕಿಲ್ಲವೆಂದಲ್ಲ. ಕರ್ನೆಲಿನ ಒಳಗಿನ ನಮೂನೆಗಳು ಯಾವಾಗ ಬೇಕಾದರೂ ಬದಲಾಗಬಹುದೆಂಬುದು ಅಲ್ಲಿಯ ಬಹಿರಂಗ ನೀತಿ. ಕರ್ನೆಲಿನ ಜೊತೆಗೇ ಇರುವ ಡ್ರೈವರುಗಳನ್ನು ನಮೂನೆ ಬದಲಾಯಿಸಿದವರೇ ತಿದ್ದುತ್ತಾರೆ. ಹೊರಗಿನಿಂದ ತಂದ ಡ್ರೈವರಿಗೆ ಆ ಭಾಗ್ಯವಿಲ್ಲ. ಅಂಥವನ್ನು ಪ್ರತಿ ಹೊಸ ಕರ್ನೆಲಿಗೂ ತಾನಾಗಿ ಮರುನಿರ್ಮಿಸುವ ಡಿಕೆಎಂಎಸ್ ಎಂಬ ಸಾಧನವನ್ನು ಡೆಲ್ ಸಂಸ್ಥೆಯ ಇಂಜಿನಿಯರುಗಳು ರೂಪಿಸಿದರು.

ಶೋಧನೆಯ ಕ್ರಮ

ವೈದ್ಯರು ಮೊದಲು ನಾಡಿ ಹಿಡಿಯುತ್ತಾರೆ. ಶಸ್ತ್ರಕ್ಕೆ ಕೈಹಾಕುವುದು ಕೊನೆಗೆ. ಇಲ್ಲಿಯೂ ಮೇಲಿನ ಪದರದಿಂದ ಕೆಳಕ್ಕೆ ಇಳಿಯುತ್ತ ಹೋಗಬೇಕು. ನಮ್ಮ ಗ್ರಂಥಾಲಯದಲ್ಲಿ ನಡೆದ ಒಂದು ಸಂಗತಿಯನ್ನು ಇದಕ್ಕೆ ಉದಾಹರಣೆಯಾಗಿ ಕೊಡುತ್ತೇನೆ.

ದೃಷ್ಟಿಹೀನ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಅಲ್ಲಿ ಒಂದು ಲಿನಕ್ಸ್ ಲ್ಯಾಪ್‌ಟಾಪನ್ನು ಇಟ್ಟಿದ್ದಾರೆ. ರಜೆಯಲ್ಲಿ ಅದನ್ನು ನವೀಕರಿಸಲಾಯಿತು. ಬಾಗಿಲು ತೆರೆದ ದಿನ ಅದು ಮೂಕವಾಗಿತ್ತು. ಇತಿಹಾಸ ತರಗತಿಯ ನನ್ನ ಸಹಪಾಠಿಯೊಬ್ಬರ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಸೆಮಿಸ್ಟರ್ ಪರೀಕ್ಷೆಗೆ ಹನ್ನೊಂದು ದಿನ ಮಾತ್ರ ಉಳಿದಿತ್ತು. ‘ಶಬ್ದ ಮಾತ್ರ ಹೋಗಿದೆ, ಉಳಿದುದೆಲ್ಲ ಸರಿಯಾಗಿದೆ’ ಎಂದು ಯಾರೋ ಹೇಳಿದರು. ಅದಕ್ಕೆ ಆತ, ‘ನಿಮ್ಮ ಪಾಲಿಗೆ ಶಬ್ದ ಹೋಗಿದೆ, ನನ್ನ ಪಾಲಿಗೆ ಯಂತ್ರವೇ ಹೋಗಿದೆ’ ಎಂದರು. ಗ್ರಂಥಪಾಲಕರ ಸಮ್ಮುಖದಲ್ಲಿ ನಾವು ಹುಡುಕಲು ತೊಡಗಿದೆವು.

ಮೊದಲನೆಯ ಹಂತ: ಧ್ವನಿಯನ್ನು ಮುಚ್ಚಿಟ್ಟಿದ್ದಾರೆಯೆ, ಅದು ತಪ್ಪು ದಾರಿಗೆ ಹೋಗುತ್ತಿದೆಯೆ ಎಂದು ನೋಡುವುದು. ನವೀಕರಣದ ನಂತರ ಶಬ್ದ ಸ್ಪೀಕರನ್ನು ಬಿಟ್ಟು, ಎಚ್‌ಡಿಎಂಐ ತಂತಿಯ ಮೂಲಕ ಮಾನಿಟರಿನ ಕಡೆಗೆ ಹರಿಯುವುದುಂಟು. ನಮ್ಮ ಯಂತ್ರದಲ್ಲಿ ಕಂಡದ್ದು ‘ಡಮ್ಮಿ ಔಟ್‌ಪುಟ್’ ಎಂಬ ಒಂದೇ ಹೆಸರು. ಶಬ್ದವನ್ನು ಬೆರೆಸುವ ತಂತ್ರಾಂಶ ಕೆಲಸ ಮಾಡುತ್ತಿದೆ, ಆದರೆ ಅದರ ಕೈಗೆ ಯಾವ ಕಾರ್ಡೂ ಸಿಕ್ಕಿಲ್ಲ ಎಂದು ಇದರ ಅರ್ಥ.

ಎರಡನೆಯ ಹಂತ: ಚಿಪ್ ಯಂತ್ರಕ್ಕೆ ಕಾಣುತ್ತಿದೆಯೆ ಎಂದು ಕೇಳುವುದು. ಯಂತ್ರದೊಳಗಿನ ಉಪಕರಣಗಳ ಪಟ್ಟಿಯನ್ನು ಲಿನಕ್ಸಿನಲ್ಲಿ ಒಂದು ಆಜ್ಞೆಯಿಂದಲೇ ಪಡೆಯಬಹುದು. ನಮ್ಮ ಚಿಪ್ ಪಟ್ಟಿಯಲ್ಲಿತ್ತು. ಹೊಲ ಇದೆಯೆಂದು ಖಚಿತವಾಯಿತು.

ಮೂರನೆಯ ಹಂತ: ಹಳೆಯ ಕರ್ನೆಲಿನಿಂದ ಯಂತ್ರವನ್ನು ಹೊರಡಿಸಿ ನೋಡುವುದು. ಲಿನಕ್ಸ್ ವಿತರಣೆಗಳು ಸಾಮಾನ್ಯವಾಗಿ ಹಿಂದಿನ ಕರ್ನೆಲನ್ನು ಒಡನೆಯೇ ಅಳಿಸುವುದಿಲ್ಲ. ಯಂತ್ರ ಹೊರಡುವಾಗ ಬರುವ ಪಟ್ಟಿಯಿಂದ ಅದನ್ನು ಆರಿಸಬಹುದು. ಹಾಗೆ ಮಾಡಿದೊಡನೆ ಯಂತ್ರ ಮಾತಾಡಿತು. ದೋಷವು ಚಿಪ್‌ನಲ್ಲಿಯೂ ಇಲ್ಲ, ಸ್ಪೀಕರಿನಲ್ಲಿಯೂ ಇಲ್ಲವೆಂದು ಇದರಿಂದ ಸಿದ್ಧವಾಯಿತು.

ನಾಲ್ಕನೆಯ ಹಂತ: ಹೊಸ ಕರ್ನೆಲಿನ ದಿನಚರಿಯನ್ನು ಓದುವುದು. ಕರ್ನೆಲ್ ತಾನು ಮಾಡಿದ್ದನ್ನೂ ಮಾಡಲಾಗದೆ ಹೋದುದನ್ನೂ ಸಾಲು ಸಾಲಾಗಿ ಬರೆದಿಡುತ್ತದೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಶಬ್ದದ ಕೆಲಸಕ್ಕೆಂದೇ ಪ್ರತ್ಯೇಕವಾದ ಸಣ್ಣ ಸಂಸ್ಕಾರಕವಿದೆ. ಹೊರಡುವಾಗ ಅದಕ್ಕೆ ‘ಫರ್ಮ್‌ವೇರ್’ ಎಂಬ ಕಡತವನ್ನು ಉಣಿಸಬೇಕು. ಹಳೆಯ ಕರ್ನೆಲ್ ಈ ಸಂಸ್ಕಾರಕವನ್ನು ಬದಿಗಿಟ್ಟು ಕೋಡೆಕ್ಕಿನೊಡನೆ ನೇರವಾಗಿ ವ್ಯವಹರಿಸುತ್ತಿತ್ತು. ಹೊಸದು ಸಂಸ್ಕಾರಕದ ಮೂಲಕ ಹೋಗಲು ಯತ್ನಿಸಿತು. ಕಡತ ಮಾತ್ರ ಯಂತ್ರದಲ್ಲಿರಲಿಲ್ಲ. ದಿನಚರಿಯಲ್ಲಿ ಆ ಕಡತದ ಹೆಸರೇ ಇತ್ತು. ಅದಿರುವ ಪ್ಯಾಕೇಜನ್ನು ಸ್ಥಾಪಿಸಿ ಯಂತ್ರವನ್ನು ಮತ್ತೆ ಹೊರಡಿಸಿದಾಗ ಓರ್ಕಾ ಬಾಯಿಬಿಟ್ಟಿತು.

ವಿಂಡೋಸ್ ಯಂತ್ರವಾದರೂ ಕ್ರಮ ಇದೇ. ಡಿವೈಸ್ ಮ್ಯಾನೇಜರಿನಲ್ಲಿ ಶಬ್ದದ ಉಪಕರಣ ಕಾಣುತ್ತದೆಯೆ ಎಂದು ನೋಡಬೇಕು. ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ ಜೀವಂತವಾಗಿದ್ದರೆ ಅದರಿಂದ ಹಿಂದಿನ ಡ್ರೈವರಿಗೆ ಮರಳಬಹುದು. ಇಲ್ಲವಾದರೆ ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರನ್ನು ಆರಿಸಬಹುದು, ಅಥವಾ ಆ ಮಾದರಿಗೆಂದೇ ತಯಾರಕರು ಕೊಡುವ ಡ್ರೈವರನ್ನು ತರಬಹುದು. ಸಿಕ್ಕ ಸಿಕ್ಕಲ್ಲಿ ದೊರೆಯುವ ‘ಎಲ್ಲ ಡ್ರೈವರುಗಳನ್ನೂ ಸರಿಪಡಿಸುವ’ ತಂತ್ರಾಂಶಗಳನ್ನು ನಂಬಬಾರದು. ಊರ ಲೆಕ್ಕವನ್ನು ದಾರಿಹೋಕನ ಕೈಗೆ ಕೊಡುವವರುಂಟೆ?

ಬಹಿರಂಗವಾದ ಕರಾರಿನ ಬೆಲೆ

ಈ ಹುಡುಕಾಟಕ್ಕೆ ಎರಡು ದಿನ ಹಿಡಿಯಿತು. ಅಷ್ಟರವರೆಗೆ ಸಹಪಾಠಿ ಓದದೆ ಕೂರಬೇಕಾಗಲಿಲ್ಲ. ಬೆರಳುದ್ದದ ಒಂದು ಯುಎಸ್‌ಬಿ ಶಬ್ದದ ಅಡಾಪ್ಟರನ್ನು ಚುಚ್ಚಿ ಹೆಡ್‌ಫೋನ್ ಸಿಕ್ಕಿಸಿದೊಡನೆ ಹೊಸ ಕರ್ನೆಲಿನಲ್ಲಿಯೇ ಮಾತು ಕೇಳಿಸಿತು. ಇದು ಹೇಗೆ ಸಾಧ್ಯವಾಯಿತೆಂಬುದೇ ಈ ವಿಷಯದ ಸಾರವೆಂದು ನನಗೆ ತೋರುತ್ತದೆ. ಯುಎಸ್‌ಬಿ ಶಬ್ದದ ಉಪಕರಣಗಳು ಹೇಗೆ ವರ್ತಿಸಬೇಕೆಂಬ ಸಾಮಾನ್ಯ ನಿಯಮಾವಳಿ 1998ರಲ್ಲಿಯೇ ಪ್ರಕಟವಾಯಿತು. ಯಾರು ಬೇಕಾದರೂ ಅದನ್ನು ಓದಬಹುದು. ಆದುದರಿಂದ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಅದು ಗೊತ್ತು. ತಯಾರಕರ ಸ್ವಂತ ಡ್ರೈವರ್ ಬೇಕಾಗುವುದಿಲ್ಲ. ಕರಾರು ಒಬ್ಬನ ಪೆಟ್ಟಿಗೆಯಲ್ಲಿ ಗುಟ್ಟಾಗಿದ್ದರೆ, ಆತನ ಆಸಕ್ತಿ ತೀರಿದ ದಿನ ಉಪಕರಣದ ಆಯುಸ್ಸೂ ತೀರುತ್ತದೆ. ಕರಾರು ಬಹಿರಂಗವಾಗಿದ್ದರೆ ಅದನ್ನು ನಡೆಸಿಕೊಡುವವರು ಯಾರಾದರೂ ಹುಟ್ಟುತ್ತಾರೆ.

ಹಾಗಾದರೆ ನವೀಕರಣವನ್ನೇ ಬಿಡಬಹುದಲ್ಲ ಎಂಬ ವಾದಕ್ಕೆ 2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಕ್ರೈ ಹಾವಳಿಯೇ ಉತ್ತರ. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿಯೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಅನೇಕ ಯಂತ್ರಗಳಿಗೆ ಬದಲಾವಣೆ ಅನಿವಾರ್ಯ. ನವೀಕರಣ ಬೇಕೇ ಬೇಕು. ಅದನ್ನು ಮಾಡುವ ರೀತಿಯಲ್ಲಿ ವಿವೇಕವಿರಬೇಕು.

ನನ್ನ ಸೂಚನೆಗಳು ನಾಲ್ಕೇ. ಪರೀಕ್ಷೆಗಳು ಹತ್ತಿರವಿರುವಾಗ ದೊಡ್ಡ ನವೀಕರಣ ಬೇಡ. ಎಲ್ಲ ಯಂತ್ರಗಳನ್ನೂ ಒಂದೇ ದಿನ ಬದಲಾಯಿಸದೆ, ಒಂದನ್ನು ಬದಲಾಯಿಸಿ ವಾರವೊಂದು ನೋಡುವುದು ಮೇಲು. ಹಳೆಯ ಕರ್ನೆಲನ್ನಾಗಲಿ ಹಳೆಯ ಡ್ರೈವರಿನ ಪ್ರತಿಯನ್ನಾಗಲಿ ಅವಸರದಿಂದ ಅಳಿಸಬಾರದು. ಒಂದು ಯುಎಸ್‌ಬಿ ಶಬ್ದದ ಅಡಾಪ್ಟರ್ ಗ್ರಂಥಾಲಯದ ಮೇಜಿನ ಸೆಳೆಖಾನೆಯಲ್ಲಿ ಯಾವಾಗಲೂ ಇರಲಿ.

ನವೀಕರಣ ಮುಗಿಯಿತೆಂದು ಪರದೆಯ ಮೇಲೆ ಬರಹ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಬರಹವನ್ನು ಕಾಣಬಲ್ಲವರು ಕಣ್ಣುಳ್ಳವರು ಮಾತ್ರ. ಯಂತ್ರವನ್ನು ಕಿವಿಯಿಂದ ಓದುವವರು ಅದರ ಮುಂದೆ ಕುಳಿತು, ‘ಸರಿಯಾಗಿ ಕೇಳಿಸುತ್ತಿದೆ’ ಎಂದಾಗಲೇ ಅದು ಮುಗಿದಂತೆ.