ಸೈಕಲ್ ಕಲಿಯಲು ವಯಸ್ಸು ಅಡ್ಡಿಯಲ್ಲ



ಗುಡಗೇರಿಗೆ ರೈಲಿದೆ, ಬಸ್ಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚೂ ತಪ್ಪಿತು. ಆದರೆ ಬಸ್ಸು ಹೊಲದ ದಾರಿಗೆ ಬರುವುದಿಲ್ಲ. ಬುತ್ತಿ ಒಯ್ಯಲು, ಗಿರಣಿಗೆ ಹೋಗಲು, ಸಂಘದ ಸಭೆಗೆ ಬರಲು ನಡೆಯಬೇಕು. ಇಲ್ಲವೇ "ಗಾಡಿ ಮ್ಯಾಲೆ ಬಿಟ್ಟು ಬಾರಪಾ" ಎಂದು ಮಗನನ್ನು ಕೇಳಬೇಕು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಹೆಣ್ಣುಮಕ್ಕಳು ಕಲಿತರು, ತಾಯಂದಿರು ನೋಡುತ್ತ ನಿಂತೆವು. "ಈ ವಯಸ್ಸಿನ್ಯಾಗ ನಮಗ್ಯಾಕ? ಬಿದ್ರ ಮಂದಿ ನಗ್ತಾರ" ಅಂದೆವು. ನಮ್ಮನ್ನು ತಡೆದದ್ದು ವಯಸ್ಸಲ್ಲ, ಈ ನಗುವಿನ ಭಯ.

ಅಮೇರಿಕಾದ ಫ್ರಾನ್ಸಿಸ್ ವಿಲ್ಲಾರ್ಡ್ ಹೆಂಡದ ವಿರುದ್ಧ ಮಹಿಳೆಯರನ್ನು ಸಂಘಟಿಸಿದ ನಾಯಕಿ. ಅವರು ಸೈಕಲ್ ಕಲಿತದ್ದು 53ನೇ ವಯಸ್ಸಿನಲ್ಲಿ. ದಿನಕ್ಕೆ ಸುಮಾರು 15 ನಿಮಿಷದಂತೆ ಮೂರು ತಿಂಗಳು ಹಿಡಿಯಿತು. 1895ರಲ್ಲಿ ಆ ಅನುಭವವನ್ನೇ ಪುಸ್ತಕವಾಗಿ ಬರೆದರು.

ನಮ್ಮ ನೆರೆಯ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಕಥೆ ಇನ್ನೂ ದೊಡ್ಡದು. 1990ರ ದಶಕದ ಆರಂಭದಲ್ಲಿ, ಶೀಲಾರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಅಲ್ಲಿನ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಮಾಡುವವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ ಸಾವಿರಾರು ಹೆಂಗಸರು ಕಲಿತರು. ಕೆಲವರು ಗಂಡಸರ ಸೈಕಲ್ಲೇ ಬೇಕೆಂದರು. ಯಾಕೆಂದರೆ ಮುಂದಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಬಹುದಿತ್ತು! ಎಲ್ಲರೂ ಕೂಡಿ ಕಲಿತಾಗ ನಗುವವರು ಯಾರು?

ಕಲಿಯುವ ಕ್ರಮ:

1. ಮೊದಲು ತೋಲ, ಆಮೇಲೆ ಪೆಡಲ್. ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಿ. ಪೆಡಲ್ ತುಳಿಯಬೇಡಿ. ಕಾಲಿನಿಂದ ನೆಲ ಒತ್ತುತ್ತ ಮುಂದೆ ಹೋಗಿ. ಪೆಡಲ್ ಕಾಲಿಗೆ ತಾಗಿದರೆ ಸೈಕಲ್ ಅಂಗಡಿಯಲ್ಲಿ ಬಿಚ್ಚಿಸಿ. ಎರಡೂ ಕಾಲು ಎತ್ತಿ ನಾಲ್ಕಾರು ಮಾರು ಸಾಗಿದರೆ ಅರ್ಧ ಕಲಿತಂತೆ.

2. ಬ್ರೇಕ್ ಹಿಡಿಯಲು ಅಂದೇ ಕಲಿಯಿರಿ. ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಮುಂದಿನದನ್ನಷ್ಟೇ ಜೋರಾಗಿ ಹಿಡಿದರೆ ಮುಗ್ಗರಿಸುತ್ತೀರಿ.

3. ಕಣ್ಣು ದೂರದ ದಾರಿಯ ಮೇಲಿರಲಿ. ಚಕ್ರ ನೋಡಿದರೆ ಸೈಕಲ್ ವಾಲುತ್ತದೆ. ವಾಲಿದ ಕಡೆಗೇ ಹ್ಯಾಂಡಲ್ ಸ್ವಲ್ಪ ತಿರುಗಿಸಿದರೆ ನೆಟ್ಟಗಾಗುತ್ತದೆ.

4. ಕಲಿತ ಮೇಲೆ ಸೀಟು ಸ್ವಲ್ಪ ಏರಿಸಿ. ಪೆಡಲ್ ಕೆಳಗೆ ಬಂದಾಗ ಮೊಣಕಾಲು ತುಸು ಮಾತ್ರ ಬಾಗಿರಬೇಕು. ಸೀಟು ತೀರಾ ಕೆಳಗಿದ್ದರೆ ಮೊಣಕಾಲು ನೋಯುತ್ತದೆ.

5. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಯನ್ನು ಮೇಲೆತ್ತಿ ಕಟ್ಟಿ. ಚೈನಿಗೆ ಕವರ್, ಹಿಂದಿನ ಚಕ್ರಕ್ಕೆ ಜಾಳಿಗೆ ಇರಲೇಬೇಕು.

6. ಶಾಲೆ ಬಿಟ್ಟ ಮೇಲೆ ಅಥವಾ ಬೆಳಗಿನ ಜಾವ ಬಯಲಿನಲ್ಲಿ ಕಲಿಯಿರಿ. ಮಳೆಯಾದ ಮೇಲೆ ಎರೆಮಣ್ಣಿನ ದಾರಿಗೆ ಇಳಿಯಬೇಡಿ, ಚಕ್ರಕ್ಕೆ ಮೆತ್ತಿ ನಿಂತುಬಿಡುತ್ತದೆ. ಡಾಂಬರು ರಸ್ತೆಯಲ್ಲಿ ಎಡಕ್ಕೇ ಇರಿ.

ಬಿ.ಪಿ., ಹೃದಯದ ತೊಂದರೆ, ತಲೆಸುತ್ತು ಇರುವವರು, ಹಿಂದೆ ಎಲುಬು ಮುರಿದವರು ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ಜೊತೆಗೆ ಸಕ್ಕರೆ ಇರಲಿ. ವಾರಕ್ಕೆ ಕನಿಷ್ಠ 150 ನಿಮಿಷ ದೇಹಕ್ಕೆ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್ ತುಳಿದರೆ ಅದೂ ಆಯಿತು, ಕೆಲಸವೂ ಆಯಿತು.

ಇದಕ್ಕೆ ಸಾಲ ಮಾಡಬೇಕಾಗಿಲ್ಲ. ಮಗಳು ಬಿಟ್ಟುಹೋದ ಸೈಕಲ್ ಗೋಡೆಗೆ ಆನಿಸಿ ತುಕ್ಕು ಹಿಡಿಯುತ್ತಿದ್ದರೆ ಬ್ರೇಕ್, ಟೈರ್, ಚೈನ್ ರಿಪೇರಿ ಮಾಡಿಸಿ. ಅದೂ ಇಲ್ಲವಾದರೆ ಸಂಘದಿಂದ ಒಂದು ಹಳೆಯ ಸೈಕಲ್ ಕೊಳ್ಳಲು ಸಭೆಯಲ್ಲಿ ಠರಾವು ಮಾಡಿ. ಯಾರು ಯಾವ ದಿನ ಒಯ್ಯಬೇಕು, ರಿಪೇರಿ ಖರ್ಚು ಯಾರದು ಎಂದು ಪುಸ್ತಕದಲ್ಲಿ ಬರೆದಿಡಿ. ಇಬ್ಬಿಬ್ಬರು ಜೋಡಿಯಾಗಿ ಕಲಿಯಿರಿ: ಒಬ್ಬಾಕಿ ಹತ್ತಲಿ, ಇನ್ನೊಬ್ಬಾಕಿ ಹಿಂದೆ ಹಿಡಿಯಲಿ.

ಸಾಲದ ಪುಸ್ತಕದಲ್ಲಿ ಮೊದಲ ಸಹಿ ಹಾಕುವಾಗಲೂ ಕೈ ನಡುಗಿತ್ತು, ನೆನಪಿದೆಯಲ್ಲವೇ? ಇದೂ ಹಾಗೆಯೇ.

ಸಭೆಯಲ್ಲಿ ಚರ್ಚಿಸಿ:
- ನಮ್ಮಲ್ಲಿ ಎಷ್ಟು ಜನರಿಗೆ ಸೈಕಲ್ ಬರುತ್ತದೆ? ಅವರು ಯಾರಿಗೆ ಕಲಿಸಬಹುದು?
- ಯಾರನ್ನೂ ಕಾಯದೆ ಹೋಗುವಂತಾದರೆ, ನೀವು ಮೊದಲು ಎಲ್ಲಿಗೆ ಹೋಗುತ್ತೀರಿ?