ಹತ್ತು ಮಂದಿಯಲ್ಲಿ ಮೂವರೇ ಹಿಡಿಸಿದರು

ಪ್ರಶ್ನೆ: ನನಗೆ 31 ವರ್ಷ. ಹಾವೇರಿ ಹತ್ತಿರದ ಅಗಡಿ ನಮ್ಮೂರು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಅಪ್ಪ ನಲವತ್ತು ವರ್ಷದಿಂದ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತ ಬಂದವರು. ಹಿಂದೂಸ್ತಾನಿ ಸಂಗೀತವೆಂದರೆ ಅವರಿಗೆ ಪ್ರಾಣ. ಐದು ವರ್ಷದಿಂದ ನನ್ನನ್ನೂ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಕರೆದುಕೊಂಡು ಹೋಗುತ್ತಾರೆ. ಹಾವೇರಿಯಲ್ಲಿ ರೈಲು ಹತ್ತುತ್ತೇವೆ, ಮರುದಿನ ಬೆಳಿಗ್ಗೆ ವಾಪಸ್ಸು. ರಾತ್ರಿಯಿಡೀ ಹತ್ತು ಮಂದಿ ಹಾಡಿದರೆ ನನಗೆ ಹಿಡಿಸುವವರು ಇಬ್ಬರು, ಬಹಳವೆಂದರೆ ಮೂವರು. ಉಳಿದವರು ಹಾಡುವಾಗ ಆಮಂತ್ರಣ ಪತ್ರಿಕೆ ತೆಗೆದು ಇನ್ನೆಷ್ಟು ಹೆಸರು ಬಾಕಿ ಇವೆ ಎಂದು ಎಣಿಸುತ್ತ ಕೂರುತ್ತೇನೆ. ಸುತ್ತಲಿನವರು ‘ವಾಹ್ ವಾಹ್’ ಅನ್ನುವಾಗ ನನಗೆ ಯಾಕೆ ಅನ್ನಬೇಕೆಂದೇ ತಿಳಿಯುವುದಿಲ್ಲ. ಬರುವಾಗ ರೈಲಿನಲ್ಲಿ ಅಪ್ಪ ‘ಹೆಂಗಾತಪಾ?’ ಅಂತಾರೆ. ‘ಭಾಳ ಚಲೋ ಆತು’ ಅಂತೇನೆ. ಐದು ವರ್ಷವೂ ಅದೇ ಉತ್ತರ. ಈಗ ಊರ ಜಾತ್ರೆಯ ಸಂಗೀತ ಕಾರ್ಯಕ್ರಮಕ್ಕೆ ಯಾರನ್ನು ಕರೆಸಬೇಕೆಂದು ಆರಿಸುವ ಹೊಣೆ ನನಗೆ ಬಂದಿದೆ. ‘ಇವಂಗ ಸಂಗೀತ ತಿಳೀತದ’ ಎಂದು ನನ್ನ ಹೆಸರು ಹೇಳಿದವರೇ ಅಪ್ಪ. ನನ್ನ ವಾರಿಗೆಯ ಹುಡುಗರು ಆರ್ಕೆಸ್ಟ್ರಾ ತರಿಸೋಣ ಅನ್ನುತ್ತಾರೆ. ನನ್ನ ಕಿವಿಯೇ ಸರಿಯಿಲ್ಲವೇ? ಅಪ್ಪನಿಗೆ ನಿಜ ಹೇಳಲೇ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಪತ್ರದ ಉದ್ದಕ್ಕೂ ಅದೊಂದೇ ಅಂಜಿಕೆ ಕಾಣುತ್ತದೆ, ಅದಕ್ಕೇ ಈ ಮಾತನ್ನು ಮೊದಲು ಹೇಳುತ್ತಿದ್ದೇನೆ. ಒಂದು ರಾತ್ರಿಯಲ್ಲಿ ಮೂವರ ಹಾಡಿಕೆ ಮನಸ್ಸಿಗೆ ಇಳಿಯಿತೆಂದರೆ ಅದು ತುಂಬಿದ ರಾಶಿ. ಅರ್ಧ ಆಯುಷ್ಯ ಸಂಗೀತ ಕೇಳುತ್ತ ಬಂದವರಿಗೂ ಪ್ರತಿವರ್ಷ ಇಷ್ಟು ಸಿಗುವುದಿಲ್ಲ. ನಾನೂ ಇಂಥ ರಾತ್ರಿಗಳಲ್ಲಿ ಜಮಖಾನೆಯ ಮೇಲೆ ಕುಳಿತು ಬೆಳಗು ಕಂಡವಳು. ಒಬ್ಬರೂ ಹಿಡಿಸದೆ ಎದ್ದು ಬಂದ ವರ್ಷಗಳಿವೆ. ಒಬ್ಬರ ಒಂದು ಠುಮರಿಗಾಗಿಯೇ ಇಡೀ ರಾತ್ರಿ ಸಾರ್ಥಕವಾಯಿತು ಎನಿಸಿದ ವರ್ಷಗಳೂ ಇವೆ.

ಒಂದು ಠುಮರಿ ಏನು ಮಾಡಬಲ್ಲದು ಎಂಬುದಕ್ಕೆ ಭೀಮಸೇನ ಜೋಶಿಯವರನ್ನೇ ನೋಡಿ. ಗದಗಿನಲ್ಲಿ ಬೆಳೆಯುತ್ತಿದ್ದ ಹುಡುಗನ ಕಿವಿಗೆ ಭಜನೆ ಬೀಳುತ್ತಿತ್ತು, ಮೆರವಣಿಗೆಯ ಬ್ಯಾಂಡೂ ಬೀಳುತ್ತಿತ್ತು. ಅವೆಲ್ಲದರ ನಡುವೆ ಅವರನ್ನು ಹಿಡಿದು ನಿಲ್ಲಿಸಿದ್ದು ಅಬ್ದುಲ್ ಕರೀಮ್ ಖಾನರ ಒಂದು ಗ್ರಾಮಫೋನ್ ತಟ್ಟೆ, ಅದರಲ್ಲಿದ್ದ ಝಿಂಝೋಟಿಯ ಠುಮರಿ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಉತ್ತರ ಹಿಂದೂಸ್ತಾನವೆಲ್ಲ ಅಲೆದು ಕೊನೆಗೆ ಬಂದು ನಿಂತದ್ದು ಅದೇ ಖಾನಸಾಹೇಬರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ಬಳಿ. ಕೇಳಿದ್ದರಲ್ಲಿ ಎಷ್ಟು ಹಿಡಿಸಿತು ಎಂದು ಅವರು ಲೆಕ್ಕ ಹಾಕಿರಲಾರರು. ಹಿಡಿಸಿದ್ದರ ಬೆನ್ನು ಹತ್ತಿ ಹೋದರು.

ಆ ಲೆಕ್ಕವನ್ನು ನೀವೂ ಬಿಡಬೇಕು. ಅಹೋರಾತ್ರಿ ಸಂಗೀತದಲ್ಲಿ ಯಾರ ನಂತರ ಯಾರು ಎಂಬುದನ್ನು ಒಬ್ಬ ಕೇಳುಗನ ರುಚಿ ನೋಡಿ ಗೊತ್ತುಮಾಡುವುದಿಲ್ಲ. ಸಾಮಾನ್ಯವಾಗಿ ಕಿರಿಯರು ಮೊದಲು, ಹಿರಿಯರು ಆಮೇಲೆ. ಅದರ ಜೊತೆಗೆ ಹೊತ್ತಿನ ಕಟ್ಟಳೆ ಬೇರೆ. ದೀಪ ಹಚ್ಚುವ ಹೊತ್ತಿಗೆ ಯಮನ್, ಊಟದ ಹೊತ್ತು ದಾಟಿದ ಮೇಲೆ ಬಿಹಾಗ್, ಬಾಗೇಶ್ರೀ, ಸರಿರಾತ್ರಿಯಲ್ಲಿ ಮಾಲಕಂಸ, ದರಬಾರಿ, ಕೋಳಿ ಕೂಗುವ ಮುನ್ನ ಲಲತ್, ಬಿಸಿಲು ಏರಿದ ಮೇಲೆ ತೋಡಿ, ಎಲ್ಲ ಮುಗಿಸಲು ಭೈರವಿ. ಧ್ವನಿವರ್ಧಕದ ನಿಯಮಗಳು 2000ದಲ್ಲಿ ಬಂದ ಮೇಲೆ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಹಾಡುವುದು ಕಷ್ಟವಾಯಿತು. ಸರಿರಾತ್ರಿಯ ರಾಗಗಳನ್ನು ಸರಿರಾತ್ರಿಯಲ್ಲೇ ಕೇಳುವ ಅವಕಾಶ ಹಾಗಾಗಿ ಎಷ್ಟೋ ಊರುಗಳಲ್ಲಿ ಇಲ್ಲವಾಯಿತು. ನಿಮಗದು ಸಿಕ್ಕಿದೆ, ಅದೂ ಕುಂದಗೋಳದ ನಾಡಿಗೇರ ವಾಡೆಯಂಥ ಜಾಗದಲ್ಲಿ. ಸವಾಯಿ ಗಂಧರ್ವರಿಗೆ ಆಸರೆಯಾದ ಮನೆತನದ ವಾಡೆ ಅದು. ಅಬ್ದುಲ್ ಕರೀಮ್ ಖಾನರೂ ಅಲ್ಲಿಗೆ ಬಂದವರು.

ಹಿಡಿಸಲಿಲ್ಲ ಎಂದು ನೀವು ಬರೆದಿದ್ದೀರಿ. ಆ ಒಂದು ಮಾತಿನೊಳಗೆ ಬೇರೆಬೇರೆ ಸಂಗತಿಗಳು ಕಲೆತಿರಬಹುದು. ರಾತ್ರಿ ಎರಡು ಗಂಟೆಗೆ, ಹಗಲೆಲ್ಲ ದುಡಿದ ಮೈಗೆ, ನಿದ್ದೆ ಬಂದಿರುತ್ತದೆ. ಅದು ಸಂಗೀತದ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಕೆಲವೊಮ್ಮೆ ಹಾಡುವವರಿಗೇ ಆ ರಾತ್ರಿ ರಾಗ ಒಲಿಯುವುದಿಲ್ಲ, ಎಷ್ಟೇ ದೊಡ್ಡವರಿರಲಿ. ಇನ್ನು ಕೆಲವೊಮ್ಮೆ ನಾವು ಒಂದನ್ನು ಬಯಸಿ ಕುಳಿತಿರುತ್ತೇವೆ, ಅವರು ಇನ್ನೊಂದನ್ನು ಕೊಡುತ್ತಿರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯನ್ನು ಖಾರಕ್ಕೆಂದು ಒಯ್ದವರು ಇದರಲ್ಲೇನಿದೆ ಅನ್ನುತ್ತಾರೆ, ಬಣ್ಣಕ್ಕೆಂದು ಒಯ್ದವರು ಮುಂದಿನ ವರ್ಷವೂ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಕಿರಾಣಾ ಘರಾಣೆಯವರು ಒಂದೊಂದು ಸ್ವರದ ಬಳಿಯೂ ನಿಂತು ಅದನ್ನು ತೊಯ್ಯಿಸಿ ಮುಂದೆ ಹೋಗುವವರು. ಜೈಪುರ-ಅತ್ರೌಲಿಯವರು ತಾಳದ ಜೊತೆ ಹೆಣೆದುಕೊಂಡು, ಸುತ್ತಿ ಬಳಸಿ, ಅಪರೂಪದ ಜೋಡುರಾಗಗಳನ್ನು ಬಿಡಿಸುವವರು. ಮೊದಲನೆಯದಕ್ಕೆ ಒಗ್ಗಿದ ಕಿವಿಗೆ ಎರಡನೆಯದು ಒಮ್ಮೆಗೇ ದಕ್ಕುವುದಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಅದೇ ಜೈಪುರ-ಅತ್ರೌಲಿಯ ಮಲ್ಲಿಕಾರ್ಜುನ ಮನ್ಸೂರರನ್ನು ಮೊದಮೊದಲು ಕೇಳಿದಾಗ ನನಗೆ ಏನೂ ಹತ್ತಲಿಲ್ಲ. ಹಲವು ವರ್ಷ ಅವರನ್ನು ಬಿಟ್ಟೇ ಬಿಟ್ಟಿದ್ದೆ. ಇವತ್ತು ನನ್ನ ಬೆಳಗು ಬಹುತೇಕ ಅವರಿಂದಲೇ ಆಗುತ್ತದೆ. ಹಾಗೆಂದು ನಿಮಗೂ ಎಲ್ಲವೂ ಮುಂದೊಂದು ದಿನ ಹಿಡಿಸುತ್ತದೆ ಎಂದು ನಾನು ಮಾತು ಕೊಡಲಾರೆ. ಕೆಲವು ಗಾಯನಶೈಲಿಗಳು ನನಗೆ ಇಂದಿಗೂ ಹತ್ತಿಲ್ಲ, ಹತ್ತದೆಯೂ ಇರಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮನ್ನು ದಣಿಸುತ್ತಿರುವುದು ವಿಲಂಬಿತ ಖಯಾಲು ಎಂದು ನನಗನಿಸುತ್ತದೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಿಧಾನದ ಏಕತಾಳದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುವುದುಂಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಆ ತಿರುಗಣೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಕಿವಿಗೆ ಸಿಗದಿದ್ದರೆ ಇಡೀ ಹಾಡಿಕೆ ದಂಡೆಯಿಲ್ಲದ ಕೆರೆಯಂತೆ ಕಾಣುತ್ತದೆ. ಸಿಗುವ ಉಪಾಯ ಒಂದಿದೆ. ಹಾಡುವವರು ಎಲ್ಲೆಲ್ಲಿ ತಿರುಗಿದರೂ ಚೀಜಿನ, ಅಂದರೆ ಹಾಡುತ್ತಿರುವ ಪದ್ಯದ, ಮೊದಲ ತುಣುಕನ್ನು ಹಿಡಿದು ಆವರ್ತನದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಸೇರುತ್ತಾರೆ. ಅಲ್ಲಿ ತಬಲಾದವರ ಕೈ ಗಟ್ಟಿಯಾಗಿ ಬೀಳುತ್ತದೆ. ನಿಮ್ಮ ಪಕ್ಕದಲ್ಲೇ ಪೇಟಿ ಬಾರಿಸುವ ಅಪ್ಪ ಕುಳಿತಿದ್ದಾರೆ. ಅವರ ತಲೆ ಎಲ್ಲಿ ತೂಗುತ್ತದೆ ನೋಡಿ, ಅದೇ ಸಮ. ನಾಲ್ಕು ಸಲ ಅವರ ತಲೆಯ ಜೊತೆ ನಿಮ್ಮ ಬೆರಳು ತೊಡೆಯ ಮೇಲೆ ಬಿತ್ತೆಂದರೆ ಐದನೆಯ ಸಲ ನೀವೇ ಕಾಯತೊಡಗುತ್ತೀರಿ. ಸುತ್ತಲಿನವರ ‘ವಾಹ್’ ಬರುವುದೂ ಬಹಳ ಸಲ ಅಲ್ಲೇ.

ಈ ಕಾಯುವಿಕೆಯನ್ನು ಸವಾಯಿ ಗಂಧರ್ವರು ಬೇಕೆಂದೇ ಕಲಿಸಿದವರು. ಜಿಪುಣ ರೊಕ್ಕ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಲು ಗುರುಗಳು ಕಲಿಸಿದರು ಎಂದು ಗಂಗೂಬಾಯಿ ಹಾನಗಲ್ಲರು ಹೇಳಿಕೊಂಡಿದ್ದರು. ಅವರೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಪಾಠಕ್ಕೆ ಹೋಗುತ್ತಿದ್ದರು. ಅದೇ ಹಳಿ, ನೀವು ಈ ಕಡೆಯಿಂದ ಬರುತ್ತೀರಿ, ಅವರು ಆ ಕಡೆಯಿಂದ ಬರುತ್ತಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ಭಾರವಾಯಿತು. ಹೆಂಗಸರ ಹಾಡೆಂದರೆ ಸಣ್ಣದನಿ ಎಂದುಕೊಂಡು ಬಂದ ಕೇಳುಗರಿಗೆ ಅದು ಒಮ್ಮೆಗೇ ಒಗ್ಗುವ ದನಿಯಲ್ಲ. ಆದರೆ ಆ ದನಿಯೇ ಬೇಕು ಎಂದು ರಾತ್ರಿಯಿಡೀ ಕಾದು ಕುಳಿತವರ ಸಂಖ್ಯೆಯೂ ದೊಡ್ಡದು. ನಿಮಗೆ ಬೇಡವಾದ ಏಳು ಮಂದಿ ಇನ್ನೊಬ್ಬರ ಮೂವರಾಗಿರುತ್ತಾರೆ. ವಾಡೆ ತುಂಬುವುದು ಹೀಗೆಯೇ.

ನಿಮ್ಮ ಊರಿನದೇ ಒಂದು ಉದಾಹರಣೆ ನೆನಪಾಗುತ್ತದೆ. ಶೇಷಾಚಲ ಸದ್ಗುರುಗಳ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಪತ್ರಿಕೆ ಹೊರಡುತ್ತಿತ್ತು. ಕಾದಂಬರಿಕಾರ ಗಳಗನಾಥರು ಅದಕ್ಕೆ ಬೆನ್ನೆಲುಬಾಗಿ ದುಡಿದವರು. ಅಧ್ಯಾತ್ಮದ ಬರಹ, ನೀತಿಯ ಬರಹದ ಜೊತೆಯಲ್ಲೇ ಕಾದಂಬರಿಯೂ ಅದರಲ್ಲಿ ಕಂತುಕಂತಾಗಿ ಬಂತು. ಒಂದೇ ಮನೆಯಲ್ಲಿ ಅಜ್ಜ ಓದುವ ಪುಟ ಬೇರೆ, ಮೊಮ್ಮಗ ಮೊದಲು ತಿರುವುವ ಪುಟ ಬೇರೆ ಆಗಿರಲೇಬೇಕು. ಎಲ್ಲ ಪುಟವೂ ಎಲ್ಲರಿಗೂ ಹಿಡಿಸಬೇಕೆಂದು ಹಟ ಹಿಡಿದಿದ್ದರೆ ಆ ಪತ್ರಿಕೆಗೆ ನಾಲ್ಕು ಪುಟವೂ ಉಳಿಯುತ್ತಿರಲಿಲ್ಲ. ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರಿಗೆ ಓದುಗರ ರುಚಿ ಎಷ್ಟು ಬಗೆಯದೆಂದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಜಾತ್ರೆಯ ಕಾರ್ಯಕ್ರಮಕ್ಕೆ ನಾನು ಹೇಳುವುದು ಇದನ್ನೇ ಆಧರಿಸಿ. ಆರ್ಕೆಸ್ಟ್ರಾ ಬೇಕೆನ್ನುವ ಹುಡುಗರೊಡನೆ ಜಗಳಕ್ಕೆ ನಿಲ್ಲಬೇಡಿ, ಅವರಿಗೆ ಬೇರೊಂದು ಸಂಜೆ ಬಿಟ್ಟುಕೊಡಿ. ಸಂಗೀತದ ಸಂಜೆಗೆ ಹೆಸರು ಕಡಿಮೆ ಇರಲಿ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಬೇಕಾದ ಕಡೆ ಎಂಟು ಮಂದಿಯನ್ನು ಕರೆಸಿದರೆ ಒಬ್ಬೊಬ್ಬರ ಪಾಲಿಗೆ ಇಪ್ಪತ್ತೈದು ನಿಮಿಷವೂ ಬರುವುದಿಲ್ಲ. ಶಾಲು ಹೊದಿಸುವುದರಲ್ಲಿ, ಭಾಷಣದಲ್ಲಿ ಅದರಲ್ಲೂ ಅರ್ಧ ಹೋಗುತ್ತದೆ. ನಾಲ್ಕೇ ಮಂದಿ ಸಾಕು. ಮೊದಲು ನಿಮ್ಮ ಭಜನಾ ಮೇಳವೇ ಕೂರಲಿ, ಅಪ್ಪನ ಪೇಟಿ ಇರಲಿ. ಆಮೇಲೆ ತತ್ವಪದ ಹಾಡುವವರೊಬ್ಬರು. ಶಿಶುನಾಳ ಶರೀಫರು ನಮ್ಮ ಜಿಲ್ಲೆಯವರೇ, ಆ ಪದಗಳಿಗೆ ಅಗಡಿಯಲ್ಲಿ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಮೂರನೆಯದಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಯುವ ಗಾಯಕರನ್ನು ಕೇಳಿನೋಡಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ ತಾಲ್ಲೂಕಿನಲ್ಲೇ ಹುಟ್ಟಿದವರು. ಅವರ ಶಿಷ್ಯಪರಂಪರೆಯನ್ನು ಕರೆಸುವುದೆಂದರೆ ಮನೆಯವರನ್ನೇ ಕರೆಸಿದಂತೆ. ಕೊನೆಗೆ ಒಬ್ಬ ಹಿರಿಯ ಗಾಯಕರು, ಅವರಿಗೆ ತಡೆಯಿಲ್ಲದ ಒಂದು ಗಂಟೆ. ಆ ನಾಲ್ವರಲ್ಲಿ ಒಬ್ಬರಾದರೂ ನೀವು ಮನಸಾರೆ ಕೇಳಿ ಮೆಚ್ಚಿದವರಾಗಿರಲಿ. ದೊಡ್ಡ ಹೆಸರೆಂದು ಮಾತ್ರ ಆರಿಸಿದವರ ಬಗ್ಗೆ ಊರವರು ಕೇಳಿದರೆ ನೀವು ಏನೂ ಹೇಳಲಾರಿರಿ. ಮೆಚ್ಚಿದವರ ಬಗ್ಗೆಯಾದರೆ ಕಟ್ಟೆಯ ಮೇಲೆ ಕುಳಿತು ಅರ್ಧ ತಾಸು ಮಾತಾಡಬಲ್ಲಿರಿ, ಜನ ಬರುವುದು ಆ ಮಾತಿನಿಂದ.

ಇನ್ನು ಅಪ್ಪ. ನಿಮ್ಮ ಪತ್ರದಲ್ಲಿ ನನ್ನನ್ನು ನೋಯಿಸಿದ್ದು ಐದು ವರ್ಷದ ಆ ಒಂದೇ ಉತ್ತರ. ಅಪ್ಪನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದಿರಿ, ಅದು ನನಗೆ ತಿಳಿಯುತ್ತದೆ. ಆದರೆ ‘ಭಾಳ ಚಲೋ ಆತು’ ಎಂದ ಮೇಲೆ ಅವರಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ರೈಲು ಹಾವೇರಿಗೆ ಬರುವವರೆಗೆ ಇಬ್ಬರೂ ಕಿಟಕಿ ನೋಡುತ್ತ ಕೂರಬೇಕು. ಮಗನ ಜೊತೆ ಸಂಗೀತದ ಮಾತಾಡಬೇಕೆಂಬ ಆಸೆಯಿಂದ ಅವರು ನಿಮ್ಮನ್ನು ಕರೆದೊಯ್ಯುತ್ತಿದ್ದಾರೆ. ಆ ಮಾತು ಐದು ವರ್ಷದಿಂದ ಶುರುವಾಗಿಯೇ ಇಲ್ಲ. ನನ್ನ ಊಹೆ ಹೇಳುತ್ತೇನೆ: ಅವರಿಗೂ ಹತ್ತಕ್ಕೆ ಹತ್ತು ಮಂದಿ ಹಿಡಿಸಿಲ್ಲ. ಮಗ ಎಲ್ಲವೂ ಚೆಂದವೆಂದ ಮೇಲೆ ತಾನೇಕೆ ತೆಗಳಲಿ ಎಂದು ಅವರೂ ಸುಮ್ಮನಿದ್ದಾರೆ.

‘ನನಗ ತಿಳಿಯಂಗಿಲ್ಲ’ ಎಂದು ತಪ್ಪೊಪ್ಪಿಗೆಯಂತೆ ಹೇಳಬೇಕಾಗಿಲ್ಲ. ಆ ಮೂವರಿಂದ ಶುರುಮಾಡಿ. ಯಾರು ಹಿಡಿಸಿದರು, ಯಾವ ಜಾಗ ಹಿಡಿಸಿತು ಎಂದು ಹೇಳಿ. ರಾಗದ ಹೆಸರು ಗೊತ್ತಿರದಿದ್ದರೆ ಗುನುಗಿ ತೋರಿಸಿ, ಹೆಸರು ಅವರು ಹೇಳುತ್ತಾರೆ. ಆಮೇಲೆ, ನಡುರಾತ್ರಿ ಹಾಡಿದವರು ನನಗೆ ಹತ್ತಲಿಲ್ಲ, ನಿನಗೆ ಹತ್ತಿತೇನಪ್ಪಾ ಎಂದು ಕೇಳಿ. ಹತ್ತಿದ್ದರೆ ಯಾಕೆಂದು ಅವರು ಹೇಳಲಿ, ನೀವು ಕೇಳಿಸಿಕೊಳ್ಳಿ. ನಡುವೆ ಬೇಸರವಾದಾಗ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಒಂದು ಹಾಡಿಕೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಏಳಬೇಕು, ಅಷ್ಟೇ. ಆಮಂತ್ರಣ ಪತ್ರಿಕೆಯನ್ನು ಮಾತ್ರ ಈ ಸಲ ಅಪ್ಪನ ಕೈಗೇ ಕೊಟ್ಟುಬಿಡಿ.

ಮುಂದಿನ ಸಲ ಕುಂದಗೋಳದಿಂದ ಬರುವಾಗ, ಅವರು ‘ಹೆಂಗಾತಪಾ?’ ಅನ್ನುವ ಮೊದಲೇ ನೀವು ಕೇಳಿ: ‘ಅಪ್ಪಾ, ನಿನಗ ಯಾರು ಹಿಡಿಸಲಿಲ್ಲ?’ ಅವರು ಯಾರ ಹೆಸರು ಹೇಳಿದರೆಂದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.